ಅಟ್ಟದ ಮೇಲಿನ ಹಾಡು

ಹಳೇಬೀಡಿನಲ್ಲಿ ‘ಬಳಪ’ ಬ್ಯಾಂಡಿನ ಕಾರ್ಯಕ್ರಮವೆಂದು ಅರಸೀಕೆರೆಯ ಬಸ್ ಸ್ಟ್ಯಾಂಡಿನ ಗೋಡೆಗಳ ಮೇಲೆ ಪೋಸ್ಟರ್ ಬಿದ್ದ ದಿನದಿಂದ ನನಗೆ ಮನೆಯಿಂದ ಹೊರಗೆ ಕಾಲಿಡುವುದೇ ಬೇಡವಾಯಿತು. ಪೋಸ್ಟರಿನ ತುಂಬ ನಂದಕಿಶೋರನ ಮುಖ. ಗಡ್ಡ ಬಿಟ್ಟಿದ್ದಾನೆ, ಕಣ್ಣು ಮುಚ್ಚಿದ್ದಾನೆ, ಮೈಕನ್ನು ಎರಡು ಕೈಯಲ್ಲಿ ಹಿಡಿದು ಏನೋ ದೊಡ್ಡ ತಪಸ್ಸು ಮಾಡುವವನ ಹಾಗೆ ನಿಂತಿದ್ದಾನೆ. ಕಣ್ಣು ಮುಚ್ಚಿ ಹಾಡು ಅಂತ ಅವನಿಗೆ ಹೇಳಿಕೊಟ್ಟವನೇ ನಾನು. ಜನರನ್ನು ನೋಡಿದರೆ ಸಾಲು ಮರೆಯುತ್ತಿದ್ದ, ಅದಕ್ಕೆ.

ನಾನು ಇಂದುಧರ. ಆ ಬ್ಯಾಂಡಿನಲ್ಲಿ ಹನ್ನೆರಡು ವರ್ಷ ಗಿಟಾರ್ ನುಡಿಸಿದವನು. ಇದನ್ನು ನಾನೇ ಬಾಯಿಬಿಟ್ಟು ಹೇಳಿಕೊಳ್ಳಬೇಕಾಗಿ ಬಂದಿದೆಯಲ್ಲ, ಹೊಟ್ಟೆ ಉರಿಯುವುದು ಅದಕ್ಕೇ. ಊರಿನಲ್ಲಿ ಅರ್ಧ ಜನರ ಮೊಬೈಲು ರಿಂಗಾದರೆ ನನ್ನ ಗಿಟಾರೇ ಕೇಳುತ್ತದೆ. ‘ಗೇಟು ಬಿದ್ದೈತೆ’ ಹಾಡಿನ ಶುರುವಿನ ಸ್ವರಗಳು ಬಾಣಾವರದ ರೈಲ್ವೆ ಗೇಟಿನಲ್ಲಿ ಗೂಡ್ಸ್ ಗಾಡಿಗೆ ಕಾಯುತ್ತ ನಿಂತಾಗ ನನಗೆ ಹೊಳೆದವು. ಕೇಳಿದವರು ಮಾತ್ರ, ಆಹಾ, ನಂದಕಿಶೋರ್ ಹಾಡು ಅನ್ನುತ್ತಾರೆ. ಅಷ್ಟು ಹೊತ್ತಿಗೆ ಅವನಿನ್ನೂ ಬಾಯಿಯನ್ನೇ ತೆರೆದಿರುವುದಿಲ್ಲ.

ಪಾಸು ಕೇಳುವವರ ಕಾಟ ಬೇರೆ. ನನ್ನ ಕೊಬ್ಬರಿ ಮಂಡಿಗೆ ಬಂದವರು ರೇಟು ಕೇಳುವ ಮೊದಲು ಪಾಸು ಕೇಳಿದರು. ಔಷಧಿ ಅಂಗಡಿಯವನಿಗೆ ಪಾಸು ಬೇಕು, ನನ್ನ ಹೆಂಡತಿ ಹೇಮಲತಾಳ ಶಾಲೆಯ ಹೆಡ್ಮಾಸ್ಟರಿಗೆ ಬೇಕು, ಹಾಲು ಹಾಕುವವಳ ಸೊಸೆಗೂ ಬೇಕು. ಕೊನೆಗೆ ಕಾರ್ಯಕ್ರಮದ ಸಮಿತಿಯ ರೇವಣಸಿದ್ದಪ್ಪನವರೇ ಬಂದರು. ಇವರಾದರೂ ನನ್ನನ್ನು ಒಂದೆರಡು ಹಾಡಿಗೆ ನುಡಿಸು ಅಂತ ಕೇಳಬಹುದು ಎಂದುಕೊಂಡು ಕುರ್ಚಿ ಒರೆಸಿ ಕೊಟ್ಟೆ.

“ನೋಡಪ್ಪ ಇಂದುಧರ, ನೀನು ಅವರ ಹಳೇ ಸ್ನೇಹಿತ. ಸ್ಟೇಜ್ ಮೇಲೆ ನಂದಕಿಶೋರ್ ಅವರಿಗೆ ಹಾರ ಹಾಕಕ್ಕೆ ನಿನಗಿಂತ ಬೇರೆ ಯಾರವ್ರೆ?” ಅಂದರು.

ಅವರ ಕಾಫಿಗೆ ಸಕ್ಕರೆ ಹಾಕಬೇಡ ಅಂತ ಒಳಗೆ ಹೋಗಿ ಹೇಳಿದೆ. ಹೇಮಲತಾ ಹಾಕಿಯೇ ಕಳಿಸಿದಳು.

ಬ್ಯಾಂಡು ಹುಟ್ಟಿದ್ದು ಇಲ್ಲೇ, ಅರಸೀಕೆರೆಯ ಕಾಲೇಜಿನಲ್ಲಿ. ನಂದಕಿಶೋರ ಬೇಲೂರಿನವನು, ಅವನ ತಂದೆ ದೇವಸ್ಥಾನದಲ್ಲಿ ಪಾರಾಯಣ ಮಾಡುತ್ತಿದ್ದರು. ಗಂಟಲು ಅವನಿಗೆ ಅಪ್ಪನಿಂದ ಬಂತು, ಅದೃಷ್ಟ ಎಲ್ಲಿಂದ ಬಂತೋ ನಾನು ಕಾಣೆ. ರಾಗ ಕಟ್ಟುವುದು ನಾನು, ಸಾಲು ಬರೆಯುವುದು ಇಬ್ಬರೂ, ಹಾಡುವುದು ಅವನು. ಬೆಂಗಳೂರಿಗೆ ಹೋದೆವು, ಹೆಸರು ಬಂತು. ಹೆಸರು ಅಂದರೆ ಅವನ ಹೆಸರು. ನಾಲ್ಕು ವರ್ಷದ ಹಿಂದೆ ಹೊಸ ಆಲ್ಬಮ್ಮಿನ ಮೇಲೆ ಅವನೊಬ್ಬನದೇ ಫೋಟೋ ಬಂತು. ಇದನ್ನು ಬದಲಾಯಿಸದಿದ್ದರೆ ನಾನು ಹೊರಟೆ ಅಂದೆ. ಹೋಗು ಅಂತ ಯಾರೂ ಹೇಳಲಿಲ್ಲ, ಇರು ಅಂತಲೂ ಯಾರೂ ಹೇಳಲಿಲ್ಲ. ಕಂಪನಿಯವರು ಮಾಡಿದ್ದು, ನನಗೇ ಗೊತ್ತಿರಲಿಲ್ಲ ಕಣೋ ಅಂದ ನಂದಕಿಶೋರ. ಗೊತ್ತಿಲ್ಲದವನ ಫೋಟೋ ಅಷ್ಟು ಚೆನ್ನಾಗಿ ಬರುತ್ತದೆಯೇ? ಗಿಟಾರ್ ಹೆಗಲಿಗೆ ಹಾಕಿಕೊಂಡು ರೈಲು ಹತ್ತಿದೆ, ಊರಿಗೆ ಬಂದು ಅಪ್ಪ ಬಿಟ್ಟುಹೋದ ಕೊಬ್ಬರಿ ವ್ಯಾಪಾರಕ್ಕೆ ಕೂತೆ.

ನಮ್ಮ ಕಡೆ ತೆಂಗಿನಕಾಯಿಯನ್ನು ಸುಲಿಯದೆ ಅಟ್ಟದ ಮೇಲೆ ಹಾಕಿ ಹೆಚ್ಚುಕಡಿಮೆ ಒಂದು ವರ್ಷ ಬಿಡುತ್ತೇವೆ. ನೀರು ಬತ್ತಿ, ತಿರುಳು ಚಿಪ್ಪು ಬಿಟ್ಟುಕೊಂಡು ಒಳಗೊಳಗೇ ಗುಂಡಗೆ ಕೊಬ್ಬರಿಯಾಗುತ್ತದೆ. ಆಗಿದೆಯೋ ಇಲ್ಲವೋ ತಿಳಿಯಲು ಕಾಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ ನೋಡುತ್ತೇವೆ. ಸಿಪ್ಪೆಯ ಕಾಯಿ ರಾಶಿ ಬಿದ್ದ ಅಟ್ಟದಲ್ಲಿ ದನಿ ಗೋಡೆಗೆ ಬಡಿದು ವಾಪಸು ಬರುವುದಿಲ್ಲ. ಬೆಂಗಳೂರಿನ ಸ್ಟುಡಿಯೋದವರು ಗೋಡೆಗೆಲ್ಲ ಸ್ಪಂಜು ಅಂಟಿಸಿ ಮಾಡುವ ಕೆಲಸವನ್ನು ನಮ್ಮ ಮನೆಯಲ್ಲಿ ತೆಂಗಿನಸಿಪ್ಪೆ ಮಾಡುತ್ತದೆ. ಆ ರಾಶಿಯ ನಡುವೆ ಜಾಗ ಮಾಡಿಕೊಂಡು, ಮೈಕು ನೆಟ್ಟು, ಒಬ್ಬನೇ ಕೂತು ಒಂದು ಇಡೀ ಆಲ್ಬಂ ಮಾಡಿದೆ. ರಾಗ ನನ್ನದು, ಸಾಲು ನನ್ನದು, ಗಿಟಾರ್ ನನ್ನದು, ದನಿಯೂ ನನ್ನದೇ. ಅದರಲ್ಲಿ ‘ಅಲ್ಲಾಡಿಸಿ ನೋಡು’ ಅಂತ ಒಂದು ಹಾಡಿದೆ. ಅದಕ್ಕೆ ಡ್ರಮ್ಮಿಲ್ಲ, ಒಣಗಿದ ಎರಡು ಕಾಯಿಯ ಲೊಟಲೊಟ ಸದ್ದೇ ತಾಳ. ಜಂಬ ಅಂದುಕೊಂಡರೂ ಚಿಂತೆಯಿಲ್ಲ, ಬಳಪದವರು ಇಲ್ಲಿಯವರೆಗೆ ಮಾಡಿದ ಯಾವ ಹಾಡೂ ಅದರ ಹತ್ತಿರ ಸುಳಿಯುವುದಿಲ್ಲ.

ಯಾರೂ ಕೇಳಲಿಲ್ಲ. ಬೈದಿದ್ದರೂ ಆಗುತ್ತಿತ್ತು, ಬೈಯಲೂ ಇಲ್ಲ. ಹಿತ್ತಲ ಗಿಡ ಮದ್ದಲ್ಲ ಅಂತ ಸಮಾಧಾನ ಮಾಡಿಕೊಳ್ಳೋಣವೆಂದರೆ ಹಿತ್ತಲಿನವರಿರಲಿ, ಬೀದಿಯವರೂ ಮೂಸಿ ನೋಡಲಿಲ್ಲ. ಒಂದು ರೇಡಿಯೋದವರು ಕರೆದರು. ಹೊಸ ಶರ್ಟು ಹಾಕಿಕೊಂಡು ಹೋದೆ. ನಂದಕಿಶೋರ್ ಅವರ ಜೊತೆ ಕೆಲಸ ಮಾಡಿದ ಅನುಭವ ಹೇಗಿತ್ತು ಸರ್ ಅಂತ ಶುರು ಮಾಡಿದವರು ಅಲ್ಲೇ ಮುಗಿಸಿದರು. ಮನೆಯಲ್ಲಾದರೂ ಒಂದು ಒಳ್ಳೆಯ ಮಾತು ಸಿಗಬಹುದೆಂದು ಹೇಮಲತಾಳಿಗೆ ಕೇಳಿಸಿದೆ. ಅವಳು ಮೇಷ್ಟರ ಜಾತಿ, ಅಂಕ ಕೊಡುವುದರಲ್ಲಿ ಬಿಗಿ.

“ಹಾಡು ಚೆನ್ನಾಗಿದೆ ಕಣ್ರೀ,” ಅಂದಳು. “ನಿಮ್ಮ ದನಿ ಮಾತ್ರ ಹಂಡೆಯೊಳಗೆ ಕೂತು ಹಾಡ್ದಂಗಿದೆ.”

ಕಾರ್ಯಕ್ರಮಕ್ಕೆ ಇನ್ನು ಒಂದು ವಾರವಿದೆ ಅನ್ನುವಾಗ ನಂದಕಿಶೋರ ನಮ್ಮ ಮನೆ ಬಾಗಿಲಿಗೇ ಬಂದು ನಿಂತ. ಫೋನಿಲ್ಲ, ಏನಿಲ್ಲ. ಬೇಲೂರಿಗೆ ಹೊರಟಿದ್ದವನು ದಾರಿ ಬಳಸಿಕೊಂಡು ಬಂದನಂತೆ. ನನ್ನ ತಾಯಿ ಸುಮಿತ್ರಮ್ಮ ಮಂಡಿನೋವು ಅಂತ ಬೆಳಗಿನಿಂದ ಎದ್ದಿರಲಿಲ್ಲ, ಅವನ ದನಿ ಕೇಳಿ ಎದ್ದು ಓಡಿ ಬಂದಳು.

“ಬಾರಪ್ಪ ನಂದು, ಎಷ್ಟೊಂದು ಸೊರಗಿಬಿಟ್ಟಿದ್ದೀಯ. ಹೊತ್ತೊತ್ತಿಗೆ ಉಣ್ಣಾಕೆ ಯಾರವ್ರೆ ಇಕ್ಕೋರು?”

ಸೊರಗುವುದಿರಲಿ, ಅವನ ಹೊಟ್ಟೆ ಬಾಗಿಲಿಗಿಂತ ಮುಂಚೆ ಒಳಗೆ ಬಂದಿತ್ತು. ಅಕ್ಕಿರೊಟ್ಟಿ ಆಯಿತು, ಹುಚ್ಚೆಳ್ಳು ಚಟ್ನಿ ಆಯಿತು. ಡಾಕ್ಟರು ಬೇಡ ಅಂದಿದ್ದಾರೆಂದು ನನ್ನ ಕಣ್ಣಿಗೆ ಬೀಳದ ಹಾಗೆ ಬಚ್ಚಿಟ್ಟಿದ್ದ ಬೆಣ್ಣೆ ಅವನ ತಟ್ಟೆಗೆ ಬಂತು. ನಾನು ಎದುರಿಗೇ ಕೂತು ಒಣರೊಟ್ಟಿ ಮುರಿದೆ.

ಊಟ ಮುಗಿಸಿ, ಅಟ್ಟ ನೋಡಬೇಕು ಅಂದ. ಏಣಿ ಹತ್ತಿ ಬಂದು ಕಾಯಿ ರಾಶಿಯ ಪಕ್ಕ ಏದುಸಿರು ಬಿಡುತ್ತ ಕೂತ. ಒಂದು ಸಲ ಚಪ್ಪಾಳೆ ತಟ್ಟಿ, ಸದ್ದು ಅಲ್ಲೇ ಸತ್ತದ್ದನ್ನು ಕೇಳಿ ನಕ್ಕ.

“ನಿನ್ನ ಆಲ್ಬಂ ಕೇಳಿದೆ ಕಣೋ ಇಂದು. ಮತ್ತೆ ಮತ್ತೆ ಕೇಳಿದೆ. ‘ಅಲ್ಲಾಡಿಸಿ ನೋಡು’ ನನಗೆ ಕೊಡ್ತೀಯಾ? ಹಳೇಬೀಡಲ್ಲಿ ಹಾಡ್ತೀನಿ.”

ಮೊದಲು ನನಗೆ ಖುಷಿಯಾಯಿತು. ಸುಳ್ಳು ಯಾಕೆ ಹೇಳಲಿ. ಅದರ ಬೆನ್ನಿಗೇ ಹೊಟ್ಟೆಯಲ್ಲಿ ಬೆಂಕಿ ಬಿತ್ತು. ಉಳಿದದ್ದೆಲ್ಲ ಅವನದಾಗಿ ಹೋಗಿದೆ, ಇದೊಂದೇ ನನ್ನದು ಅಂತ ಉಳಿದಿರುವುದು. ಅವನು ಒಂದು ಸಲ ಬಾಯಿ ತೆರೆದರೆ ಮುಗಿಯಿತು, ನಾಳೆಯಿಂದ ಇದೂ ನಂದಕಿಶೋರ್ ಹಾಡು.

“ಯಾಕೆ, ನಾನು ಹಾಡಿರೋದು ಸಾಲದಾ?” ಅಂದೆ.

“ಹಾಗಲ್ಲ ಮಾರಾಯ. ಜನ ಕೇಳಬೇಕಾದ ಹಾಡು ಅದು. ನೀನು ಬೇಡ ಅಂದ್ರೆ ಹಾಡಲ್ಲ. ಆವತ್ತು ಮಧ್ಯಾಹ್ನ ರಿಹರ್ಸಲ್ ಇರತ್ತೆ, ಬಾ. ಬಂದು ಬೇಡ ಅಂದುಬಿಡು, ಅಲ್ಲಿಗೇ ಬಿಟ್ಟುಬಿಡ್ತೀನಿ. ನಿನ್ನಾಣೆ.”

ನೋಡೋಣ ಅಂದೆ. ಅವನು ಇಳಿದು ಹೋಗಿ ಅಮ್ಮನ ಕಾಲಿಗೆ ನಮಸ್ಕಾರ ಮಾಡಿದ. ಅಮ್ಮ ಅವನಿಗೆ ಒಂದು ಚೀಲ ಕೊಬ್ಬರಿ ಕಟ್ಟಿಕೊಟ್ಟಳು.

ಆ ವಾರ ಮನೆಯಲ್ಲಿ ಬೇರೆ ಮಾತೇ ಇರಲಿಲ್ಲ. ಕೊಡುವುದಿಲ್ಲ ಅಂತ ನಾನು. ಹೇಮಲತಾ ಶಾಲೆಗೆ ಹೊರಡುತ್ತ ಬಾಗಿಲಲ್ಲಿ ನಿಂತು ಕೇಳಿದಳು, “ಅಟ್ಟದ ಮೇಲೆ ಇಟ್ಕೊಂಡು ಏನ್ಮಾಡ್ತೀರಾ ಅದನ್ನ? ಉಪ್ಪಿನಕಾಯಿ ಹಾಕ್ತೀರಾ?”

“ಅವನು ಹಾಡಿದ್ರೆ ನನ್ನ ಹೆಸರು ಯಾರಿಗೆ ನೆನಪಿರತ್ತೆ?”

“ಈಗ ಯಾರಿಗೆ ನೆನಪಿದೆ?”

ಗಾಯದ ಮೇಲೆ ಉಪ್ಪು ಸವರುವುದನ್ನು ಅವಳಿಂದ ಕಲಿಯಬೇಕು. ಅಮ್ಮ ಒಳಗಿನಿಂದಲೇ, ನಂದು ಹಾಡಿದರೆ ಚೆಂದಾಗಿರ್ತದೆ ಬಿಡು ಅಂದಳು. ಎಂಥ ತಾಯಿ ಅಂದುಕೊಂಡೆ.

ಕಾರ್ಯಕ್ರಮದ ದಿನ ಬೇಡ ಅನ್ನುವುದಕ್ಕೇ ಹೊರಟೆ. ಬಾಣಾವರ ದಾಟುವವರೆಗೆ ಮಾತು ಜೋಡಿಸಿಕೊಂಡೆ. ಸೌಮ್ಯವಾಗಿ ಹೇಳುವುದು, ಆದರೆ ತಾಗಬೇಕು. ಎಲ್ಲ ನಿನ್ನದಾಗಿದೆ ನಂದು, ಇದೊಂದು ನನಗಿರಲಿ. ಜಾವಗಲ್ ಹತ್ತಿರ ಅದನ್ನು ಇನ್ನೂ ಸಣ್ಣದು ಮಾಡಿದೆ. ಹಿಂದಿನ ಸೀಟಿನಲ್ಲಿ ಯಾರದೋ ಫೋನು ‘ಗೇಟು ಬಿದ್ದೈತೆ’ ಅಂತ ಬಡಿದುಕೊಳ್ಳುತ್ತಿತ್ತು. ಆ ಪುಣ್ಯಾತ್ಮ ಎತ್ತಲೂ ಇಲ್ಲ, ಕಟ್ ಮಾಡಲೂ ಇಲ್ಲ.

ಹಳೇಬೀಡಿನ ಮೈದಾನದಲ್ಲಿ ಸ್ಟೇಜು ಎದ್ದಿತ್ತು. ಕೆರೆಯ ಕಡೆಯಿಂದ ಗಾಳಿ ಜೋರಾಗಿ ಬಂದು ಪರದೆಗಳನ್ನು ಹೊಡೆಯುತ್ತಿತ್ತು. ನನ್ನ ಜಾಗದಲ್ಲಿ ಈಗ ಮೇಧಿನಿ ಅನ್ನುವ ಹುಡುಗಿ ನುಡಿಸುತ್ತಾಳೆ, ಹಗರೆಯ ಮೇಷ್ಟರೊಬ್ಬರ ಮಗಳು. ನನ್ನನ್ನು ಕಂಡವಳೇ ಗಿಟಾರ್ ಕೆಳಗಿಟ್ಟು ಬಂದು, ಸರ್, ನಿಮ್ಮ ಕೈ ನೋಡಿಯೇ ನಾನು ಕಲಿತದ್ದು ಅಂದಳು. ಖಾಲಿ ಮಾಡಿಸಿದ ಬಾಡಿಗೆಮನೆಗೆ ಹೊಸದಾಗಿ ಬಂದವರು ಮನೆ ಚೆನ್ನಾಗಿ ಇಟ್ಟುಕೊಂಡಿದ್ದಿರಿ ಅಂದ ಹಾಗಾಯಿತು. ಸಾಲದ್ದಕ್ಕೆ ಚೆನ್ನಾಗಿ ನುಡಿಸುತ್ತಾಳೆ, ಅದೊಂದು ಸಂಕಟ.

ನಂದಕಿಶೋರ ಸ್ಟೇಜಿನ ಅಂಚಿನಲ್ಲಿ ಕೂತು ಬಿಸಿನೀರು ಕುಡಿಯುತ್ತಿದ್ದ. ಕೈ ಬೀಸಿ ಕರೆದ. ನಾನು ಬಾಯಿ ತೆರೆಯುವ ಮೊದಲು ಮೇಧಿನಿ ಅವನನ್ನು ಕೇಳಿದಳು, “ಸರ್, ಇಂದುಧರ್ ಸರ್ ಹಾಡಿಗೆ ಶ್ರುತಿ ಎಷ್ಟು ಬದಲಾಯಿಸ್ಲಿ ನಿಮಗೆ?”

ಅದು ಕೇಳಲೇಬೇಕಾದ ಪ್ರಶ್ನೆ. ಒಬ್ಬರ ಗಂಟಲಿಗೆ ಕಟ್ಟಿದ ಹಾಡು ಇನ್ನೊಬ್ಬರ ಗಂಟಲಿಗೆ ಹೊಂದುವುದಿಲ್ಲ. ನನ್ನದು ತೆಳು ದನಿ, ಮೇಲಕ್ಕೆ ಏರುತ್ತದೆ, ಕೆಳಗೆ ಇಳಿದರೆ ಕೇಳಿಸುವುದಿಲ್ಲ. ನಂದಕಿಶೋರನದು ಕೆಳಗೆ ಇಳಿದಷ್ಟೂ ತುಂಬಿಕೊಳ್ಳುವ ದನಿ. ಅವನಿಗಾಗಿಯೇ ನಾನು ಕಾಲೇಜಿನ ದಿನಗಳಲ್ಲಿ ಗಿಟಾರಿನ ಆರೂ ತಂತಿಗಳನ್ನು ಒಂದು ಸ್ವರ ಸಡಿಲ ಮಾಡಿ ನುಡಿಸುವುದಕ್ಕೆ ಶುರು ಮಾಡಿದ್ದು. ಬಳಪದ ಅಷ್ಟೂ ಹಾಡುಗಳು ಹಾಗೆಯೇ ಆದವು.

“ಏನೂ ಬದಲಾಯಿಸಬೇಡ,” ಅಂದ ನಂದಕಿಶೋರ. “ನನಗೆ ಇದ್ದ ಹಾಗೇ ಸರಿಯಾಗಿದೆ.”

ಅಲ್ಲಿಯೇ ಕೂತು, ಮೈಕಿಲ್ಲದೆ, ಲೋಟ ಕೈಯಲ್ಲಿ ಹಿಡಿದುಕೊಂಡೇ ಪಲ್ಲವಿ ಹಾಡಿದ. ಕೊನೆಯ ಸಾಲು ಕೆಳಗೆ ಇಳಿದು ನಿಲ್ಲುವ ಜಾಗದಲ್ಲಿ ಅವನ ದನಿ ಹೋಗಿ ಸರಿಯಾಗಿ ಕೂತುಕೊಂಡಿತು. ನಾನು ಅಟ್ಟದ ಮೇಲೆ ಎಷ್ಟು ಸಲ ಹಾಡಿದರೂ ಎಟುಕದೆ, ಮೈಕಿಗೆ ಬಾಯಿ ತಾಗಿಸಿ ಹೇಗೋ ಗೊಣಗಿ ದಾಟಿಸಿದ ಜಾಗ ಅದು. ಹೇಮಲತಾ ಹಂಡೆ ಅಂದದ್ದು ಅದನ್ನೇ.

ಬ್ಯಾಂಡು ಬಿಟ್ಟು ಬಂದ ಮೇಲೂ ನಾನು ದಿನಾ ಬೆಳಿಗ್ಗೆ ತಂತಿಗಳನ್ನು ಒಂದು ಸ್ವರ ಇಳಿಸಿಯೇ ಕೂರುತ್ತಿದ್ದೆ. ಕೈಗೆ ಅದೇ ಅಭ್ಯಾಸ. ಈ ಶ್ರುತಿ ಯಾರಿಗಾಗಿ ಅಂತ ಒಂದು ದಿನವೂ ಕೇಳಿಕೊಂಡಿರಲಿಲ್ಲ. ರಾಗ ಕಟ್ಟುವಾಗ ಕಿವಿಯಲ್ಲಿ ಕೇಳುತ್ತಿದ್ದದ್ದು ನನ್ನ ದನಿಯೇ ಅಲ್ಲ. ಅವನನ್ನು ಬೈದುಕೊಂಡು, ಶಪಿಸಿಕೊಂಡು, ಅವನ ಅಳತೆಗೇ ಒಂದೊಂದು ಹಾಡನ್ನೂ ಹೊಲಿದಿದ್ದೆ. ಆಮೇಲೆ ಅದನ್ನು ನಾನು ತೊಟ್ಟುಕೊಂಡು ಊರೆಲ್ಲ ತಿರುಗಿ, ಯಾಕೆ ಯಾರೂ ನೋಡುವುದಿಲ್ಲ ಅಂತ ಮುನಿಸಿಕೊಂಡಿದ್ದೆ. ತಲೆ ಚಚ್ಚಿಕೊಳ್ಳಬೇಕೆನಿಸಿತು.

“ಏನಂತೀಯೋ?” ಅಂತ ನಂದಕಿಶೋರ ಕೇಳಿದ. ಅವನ ಮುಖದಲ್ಲಿ ನಿಜವಾದ ಅಂಜಿಕೆಯಿತ್ತು. ಬೇಡ ಅಂದಿದ್ದರೆ ಖಂಡಿತ ಬಿಟ್ಟುಬಿಡುತ್ತಿದ್ದ.

“ಹಾಡು,” ಅಂದೆ. ಬಸ್ಸಿನಲ್ಲಿ ಜೋಡಿಸಿಕೊಂಡು ಬಂದ ಮಾತಿಗೆ ಇನ್ನು ಜಾಗವಿರಲಿಲ್ಲ.

ಹಾಡು ಅಂದ ಮೇಲೆ ನನಗೊಂದು ಆಸೆ ಹುಟ್ಟಿತು. ಅವನು ನನ್ನ ಹೆಸರು ಹೇಳದೆ ಇರಲಿ. ಒಂದು ಸಾಲಿನಲ್ಲಿ ನುಂಗಿಹಾಕಲಿ, ಗೆಳೆಯನೊಬ್ಬನ ಹಾಡು ಅಂತ ಹಾರಿಸಿಬಿಡಲಿ. ಹಾಗಾದರೆ ನಾನು ಹೇಳಿದ್ದು ನಿಜವಾಗುತ್ತದೆ. ಹಾಡು ಹೋದರೂ ಅವನು ಕಳ್ಳ ಅನ್ನುವುದಾದರೂ ನನಗೆ ಉಳಿಯುತ್ತದೆ. ಸಂಜೆಯವರೆಗೆ ಇದನ್ನೇ ದೇವರಲ್ಲಿ ಬೇಡಿಕೊಂಡೆ ಅಂದರೆ ನಂಬಬೇಕು.

ಸಂಜೆ ಮೈದಾನ ತುಂಬಿತು. ಅಮ್ಮ, ಹೇಮಲತಾ ಪಾಸು ಹಿಡಿದು ಮುಂದಿನ ಸಾಲಿನಲ್ಲೇ ಕೂತರು. ರೇವಣಸಿದ್ದಪ್ಪನವರು ನನ್ನ ಕೈಗೆ ಹಾರ ತುರುಕಿದರು. ಹಾಕಿದೆ. ಫೋಟೋದವನು, ಸಾರ್, ಸ್ವಲ್ಪ ಪಕ್ಕಕ್ಕೆ ಬನ್ನಿ ಅಂದ. ಪಕ್ಕಕ್ಕೆ ಬಂದೆ.

ಐದಾರು ಹಾಡು ಆದ ಮೇಲೆ ನಂದಕಿಶೋರ ಎಲ್ಲರನ್ನೂ ಸುಮ್ಮನಾಗಿಸಿದ. ಸ್ಟೇಜಿನ ಪಕ್ಕದ ಪರದೆ ಹಿಡಿದುಕೊಂಡು ನಾನು ಕಿವಿ ಕೊಟ್ಟು ನಿಂತೆ.

“ಮುಂದಿನ ಹಾಡು ನಮ್ಮದಲ್ಲ,” ಅಂದ. “ಇಂದುಧರ ಬರೆದದ್ದು, ಇಂದುಧರ ಕಟ್ಟಿದ್ದು. ಅರಸೀಕೆರೆಯಲ್ಲಿ ಅವರ ಮನೆ ಅಟ್ಟದ ಮೇಲೆ ಒಬ್ಬನೇ ಕೂತು ಮಾಡಿದ್ದು. ನೀವು ಶಿಳ್ಳೆ ಹೊಡೀತೀರಲ್ಲ, ಆ ಗೇಟು ಹಾಡಿನ ಗಿಟಾರು, ಅದೂ ಅವನದೇ. ಅವನನ್ನ ಕಳಕೊಂಡಿದ್ದು ನಮ್ಮ ತಪ್ಪು. ಇಂದು, ಬಾರೋ. ನಿನ್ನ ಹಾಡು, ನೀನೇ ಶುರು ಮಾಡಬೇಕು.”

ಇನ್ನೇನು ಬಾಕಿ ಉಳಿಸಿದ? ಮೇಧಿನಿ ತನ್ನ ಗಿಟಾರನ್ನೇ ನನ್ನ ಹೆಗಲಿಗೆ ಹಾಕಿದಳು. ಜನ ಚಪ್ಪಾಳೆ ತಟ್ಟಿದರು, ಅಮ್ಮ ಎದ್ದು ನಿಂತಳು. ನಾನು ನುಡಿಸಿದೆ, ಹಾಡಿದೆ. ಮೊದಲ ಚರಣ ಜನ ಮರ್ಯಾದೆಯಿಂದ ಕೇಳಿದರು. ಮದುವೆಮನೆಯಲ್ಲಿ ಹಿರಿಯರು ಹಾಡು ಹೇಳಿದಾಗ ಕೇಳುತ್ತಾರಲ್ಲ, ಆ ಮರ್ಯಾದೆ. ಪಲ್ಲವಿಯ ಕೊನೆಗೆ ಆ ಕೆಳಗಿನ ಜಾಗ ಬಂತು. ನನ್ನ ದನಿ ಇಳಿಯಲಿಲ್ಲ. ಪಕ್ಕದಲ್ಲಿದ್ದ ನಂದಕಿಶೋರ ಕಾಯುತ್ತಿದ್ದ, ತಾನಾಗಿ ಬಾಯಿ ಹಾಕಲಿಲ್ಲ. ನಾನೇ ಅವನ ಕಡೆ ತಲೆಯಾಡಿಸಿದೆ.

ಅವನು ಎತ್ತಿಕೊಂಡ. ಮೈದಾನ ಎದ್ದು ಕೂಗಿತು. ಎರಡನೆಯ ಚರಣಕ್ಕೆ ನಾನು ಮೈಕಿನಿಂದ ಹಿಂದೆ ಸರಿದೆ. ಯಾರೂ ಪಕ್ಕಕ್ಕೆ ಸರಿ ಅನ್ನಲಿಲ್ಲ, ಫೋಟೋದವನೂ ಅನ್ನಲಿಲ್ಲ. ಆ ಹಾಡು ಹೇಗಿದೆ ಅಂತ ನನಗೂ ಕೇಳಬೇಕಾಗಿತ್ತು. ಅವನ ಬೆನ್ನ ಹಿಂದೆ ನಿಂತು ನುಡಿಸುತ್ತ, ನನ್ನ ಕಿವಿಯೊಳಗೆ ಇಷ್ಟು ವರ್ಷ ಇದ್ದ ಹಾಡನ್ನು ಮೊದಲ ಸಲ ಹೊರಗೆ ಕೇಳಿದೆ. ಚೆನ್ನಾಗಿತ್ತು. ಅಷ್ಟು ಚೆನ್ನಾಗಿದ್ದುದಕ್ಕೆ ಅವನ ಕತ್ತು ಹಿಸುಕಬೇಕು ಅನ್ನಿಸಿತು.

ಮುಗಿದ ಮೇಲೆ ಅವನು ತನ್ನ ಕೊರಳಿನ ಹಾರ ತೆಗೆದು ನನಗೆ ಹಾಕಿದ, ಅಪ್ಪಿಕೊಂಡ, ಅತ್ತ. ಕೆಳಗೆ ಇಳಿದು ಬಂದಾಗ ಅಮ್ಮ ನನ್ನ ಕೈ ಹಿಡಿದುಕೊಂಡು, “ಈಗ ನೋಡು ಮಗ, ನಿನ್ನ ಹಾಡು ಹಾಡ್ದಂಗಾಯ್ತು,” ಅಂದಳು. ಅವಳಿಗೆ ನಿಜವಾಗಿ ಸಂತೋಷವಾಗಿತ್ತು.

ಮರುದಿನ ಬೆಳಿಗ್ಗೆ ನಾನು ಅಡುಗೆಮನೆಯ ಹೊಸ್ತಿಲ ಹತ್ತಿರ ಕೂತಿದ್ದೆ. ಫೋನು ಬಿಡುವಿಲ್ಲದೆ ಹೊಡೆದುಕೊಳ್ಳುತ್ತಿತ್ತು. ನನ್ನ ಆಲ್ಬಂ ಹುಡುಕಿ ಕೇಳಿದವರು ಕೂಡ ಫೋನು ಮಾಡುತ್ತಿದ್ದರು, ನಂದಕಿಶೋರ್ ಹಾಡಿರುವುದು ಎಲ್ಲಿ ಸಿಗುತ್ತದೆ ಸರ್ ಅಂತ ಕೇಳುವುದಕ್ಕೆ. ಅವನ ಮೆಸೇಜೂ ಬಂದಿತ್ತು. ಹಾಡನ್ನು ರೆಕಾರ್ಡ್ ಮಾಡೋಣ, ಹೆಸರು ನಿನ್ನದು ಮೊದಲು, ಫೋಟೋ ನಿನ್ನದು ಮುಂದೆ, ಬೇಡ ಅಂದರೆ ಮಾಡುವುದಿಲ್ಲ. ಎಲ್ಲಾದರೂ ಒಂದು ತಪ್ಪು ಸಿಗಬಹುದೇ ಎಂದು ಮೇಲಿನಿಂದ ಕೆಳಗೆ ಓದಿದೆ. ಕೆಳಗಿನಿಂದ ಮೇಲಕ್ಕೂ ಓದಿದೆ.

ಅವನು ನನಗೆ ಮೋಸ ಮಾಡಿದ ಅನ್ನುವುದೊಂದನ್ನು ಹಿಡಿದುಕೊಂಡು ನಾನು ಊರಿಗೆ ಬಂದಿದ್ದೆ. ಬೆಳಿಗ್ಗೆ ನನ್ನನ್ನು ಎಬ್ಬಿಸುತ್ತಿದ್ದದ್ದು ಅದು, ಏಣಿ ಹತ್ತಿಸುತ್ತಿದ್ದದ್ದು ಅದು, ಗಿಟಾರ್ ಕೈಗೆ ಕೊಡುತ್ತಿದ್ದದ್ದೂ ಅದೇ. ಹಾಡು ಹೋದರೆ ಹೋಗಲಿ, ಇನ್ನೊಂದು ಕಟ್ಟಿಕೊಳ್ಳಬಹುದು. ಇದನ್ನು ಕೂಡ ಅವನು ನಿನ್ನೆ ಅಷ್ಟು ಜನರ ಮುಂದೆ, ಅಷ್ಟು ಒಳ್ಳೆಯ ಮನಸ್ಸಿನಿಂದ, ನನ್ನ ಕೈಯಿಂದ ಬಿಡಿಸಿಕೊಂಡು ಹೋಗಿದ್ದ.

ಹೇಮಲತಾ ಕಾಫಿ ತಂದು ಪಕ್ಕದಲ್ಲಿಟ್ಟಳು. ಶಾಲೆಗೆ ಹೊತ್ತಾಗಿದ್ದರೂ ಹೋಗದೆ ನಿಂತಳು.

“ಯಾಕ್ರೀ ಹೀಗೆ ಕೂತಿದ್ದೀರಾ? ಹೆಸರು ಹೇಳಿದ್ರಲ್ಲ ಪಾಪ.”

“ಹೇಳಿದ,” ಅಂದೆ. “ಚೆನ್ನಾಗೇ ಹೇಳಿದ.”

ಅವಳು ಬ್ಯಾಗು ಕೆಳಗಿಟ್ಟು ನನ್ನ ಎದುರಿಗೆ ನೆಲದ ಮೇಲೆ ಕೂತಳು.

“ಹಾಗಾದ್ರೆ ಇನ್ನು ಯಾರನ್ನ ಬೈತೀರಾ?” ಅಂತ ಮೆತ್ತಗೆ ಕೇಳಿದಳು.

ನಾನು ಕಾಫಿ ಕುಡಿದೆ. ಆಮೇಲೆ ಅವನ ಮೆಸೇಜನ್ನು ಇನ್ನೊಂದು ಸಲ ಮೇಲಿನಿಂದ ಕೆಳಗೆ ಓದಿದೆ.